ರೆಪೋ ಇಳಿದ ದಿನವೇ ನಿಫ್ಟಿ ಆಪ್ಷನ್‌ನಲ್ಲಿ ದುಡ್ಡು ಹೋಯ್ತು, ಯಾಕೆ?

ಗೊಬ್ಬರದಂಗಡಿ_ತಿಪಟೂರು:

ಎಲ್ರಿಗೂ ನಮಸ್ಕಾರ. ತಿಪಟೂರಲ್ಲಿ ನಂದು ಗೊಬ್ಬರದ ಅಂಗಡಿ, ಜೊತೆಗೆ ಮೂರು ಎಕರೆ ತೆಂಗಿನ ತೋಟ. ಒಂದೂವರೆ ವರ್ಷದಿಂದ ನಿಫ್ಟಿ ಆಪ್ಷನ್ ಮಾಡ್ತಿದ್ದೀನಿ, ಅಂದ್ರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಏರುತ್ತೋ ಬೀಳುತ್ತೋ ಅನ್ನೋದರ ಮೇಲೆ ದುಡ್ಡು ಹಾಕೋದು. ದಿನಾ ಅಲ್ಲ, ಬಜೆಟ್ಟು, ರಿಸರ್ವ್ ಬ್ಯಾಂಕ್ ಬಡ್ಡಿದರ ಹೇಳೋ ಪಾಲಿಸಿ, ಇಂಥ ದೊಡ್ಡ ಸುದ್ದಿ ಇರೋ ದಿನ ಮಾತ್ರ. ಬೆಳಿಗ್ಗೆ ತಗೊಂಡು ಸಂಜೆಯೊಳಗೆ ಮಾರಿ ಮುಗಿಸ್ತೀನಿ. ಈ ವರ್ಷ, 2025ರಲ್ಲಿ, ಮೂರು ಪಾಲಿಸಿ ಆಯ್ತು, ಮೂರರಲ್ಲೂ ನಂಗೆ ಏನೂ ಅರ್ಥ ಆಗಿಲ್ಲ.

ಫೆಬ್ರವರಿ 7. ರೆಪೋ, ಅಂದ್ರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡೋ ಬಡ್ಡಿದರ, 6.50 ಪರ್ಸೆಂಟ್‌ನಿಂದ 6.25ಕ್ಕೆ ಇಳೀತು. ಹೆಚ್ಚುಕಮ್ಮಿ ಐದು ವರ್ಷದಲ್ಲಿ ಮೊದಲನೇ ಇಳಿಕೆ. ಇಳಿಸೇ ಇಳಿಸ್ತಾರೆ ಅಂತ ನಂಬಿ ಬೆಳಿಗ್ಗೆನೇ 23,600ರ ಕಾಲ್ (ನಿಫ್ಟಿ ಏರಿದ್ರೆ ಲಾಭ ಕೊಡೋ ಆಪ್ಷನ್) ಒಂದು ಲಾಟ್ ತಗೊಂಡಿದ್ದೆ. ನಾನು ಅಂದ್ಕೊಂಡ ಹಾಗೇ ಇಳಿಸಿದ್ರು. ನಿಫ್ಟಿ ಮಾತ್ರ ಕೆಳಗೇ ಮುಗೀತು. ಸುಮಾರು 3 ಸಾವಿರ ಹೋಯ್ತು.

ಏಪ್ರಿಲ್ 9. ಮೇಲೋ ಕೆಳಗೋ ಅನ್ನೋ ತಲೆನೋವೇ ಬೇಡ ಅಂತ 22,450ರ ಕಾಲೂ, ನಿಫ್ಟಿ ಬಿದ್ರೆ ಲಾಭ ಕೊಡೋ ಪುಟ್ಟೂ, ಎರಡನ್ನೂ ತಗೊಂಡೆ. ಎರಡೂ ಸೇರಿ ಹತ್ತಿರ ಹತ್ತಿರ 170 ರೂಪಾಯಿ, 75ರ ಲಾಟ್‌ಗೆ 12,750. ಅವತ್ತು 6.00ಕ್ಕೆ ಇಳಿಸಿದ್ರು. ಸಂಜೆ ಕೈಗೆ ಬಂದಿದ್ದು 4 ಸಾವಿರದೊಳಗೆ. ಕಾಲ್ ಹೋದ್ರೆ ಪುಟ್ ಬರಬೇಕಿತ್ತಲ್ವಾ?

ಜೂನ್ 6ಕ್ಕೆ ಹೆದರಿ ಮುಟ್ಟಲಿಲ್ಲ. ಅವತ್ತೇ 252 ಪಾಯಿಂಟ್ ಏರಿ 25,003ರಲ್ಲಿ ಮುಗೀತು.

ತೋಟಕ್ಕೆ ಡ್ರಿಪ್ ಹಾಕ್ಸೋಕೆ ಅಂತ ಎತ್ತಿಟ್ಟಿದ್ದ ದುಡ್ಡು ಇದು. ಮನೇಲಿ ಇನ್ನೂ ಹೇಳಿಲ್ಲ, ಅದು ದಿನಾ ಕೊರೀತಿದೆ. ಆಗಸ್ಟಲ್ಲಿ ಮತ್ತೆ ಪಾಲಿಸಿ ಇದೆ. ನಾನು ಎಡವ್ತಿರೋದು ಎಲ್ಲಿ ಅಂತ ತಿಳಿದವರು ಬಿಡಿಸಿ ಹೇಳಿ, ದಯವಿಟ್ಟು.

—

ನಿವೃತ್ತ_ಟ್ರೆಷರಿ_ಮೈಸೂರು:

ಬ್ಯಾಂಕಿನ ಟ್ರೆಷರಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು ನಾನು. ಪಾಲಿಸಿ ದಿನ ಬೆಳಿಗ್ಗೆ ಹತ್ತಕ್ಕೆ ಗವರ್ನರ್ ಮಾತು ಶುರುವಾದರೆ ನಮ್ಮ ಕೋಣೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ನಿಮ್ಮ ಮೂರೂ ದಿನಗಳಿಗೆ ಬೇರೆ ಬೇರೆ ಉತ್ತರ ಇದೆ.

ನೀವು ತಿಪಟೂರಿನವರು, ಕೊಬ್ಬರಿ ಹರಾಜು ನೋಡಿ ಬೆಳೆದವರು. ಸರ್ಕಾರ ಉಂಡೆ ಕೊಬ್ಬರಿ ಖರೀದಿ ಕೇಂದ್ರ ತೆರೆಯುತ್ತದಂತೆ ಎಂಬ ಮಾತು ಹಬ್ಬಿದಾಗಲೇ ರೇಟು ಎದ್ದಿರುತ್ತದೆ. ಆದೇಶ ಕೈಗೆ ಬಂದ ದಿನ ಹೊಸದಾಗಿ ಕೊಳ್ಳುವವರು ಯಾರು? ಮಾತು ಕೇಳಿ ಮುಂಚೆಯೇ ಕೊಂಡಿಟ್ಟವರು ಅವತ್ತು ಮಾರಿ ಹೊರಡುತ್ತಾರೆ. ಫೆಬ್ರವರಿಯಲ್ಲಿ ಆದದ್ದು ಇದೇ. ಕಾಲು ಪರ್ಸೆಂಟ್ ಇಳಿಯುತ್ತದೆ ಎಂದು ಪತ್ರಿಕೆಗಳಲ್ಲೆಲ್ಲ ಬಂದಿತ್ತು, ಅಷ್ಟೇ ಇಳಿಯಿತು. ಬ್ಯಾಂಕುಗಳ ಕೈಗೆ ಇನ್ನಷ್ಟು ಹಣ ಬಿಡುವ ಘೋಷಣೆಯೂ ಬರಬಹುದು ಎಂದು ಕೆಲವರು ಕಾದಿದ್ದರು, ಅದು ಬರಲಿಲ್ಲ. ಮುಂದೆ ದರ ಯಾವ ಕಡೆಗೆ ಎಂದು ಸೂಚಿಸುವ ನಿಲುವು 'ತಟಸ್ಥ'ವಾಗಿಯೇ ಉಳಿಯಿತು. ನಿಮ್ಮ ಅಂದಾಜು ಸರಿಯಾಗಿತ್ತು, ಆದರೆ ಅದು ಎಲ್ಲರ ಅಂದಾಜೂ ಆಗಿತ್ತು.

ಜೂನ್‌ನಲ್ಲಿ ಹೆಚ್ಚಿನವರು ಕಾದದ್ದು ಕಾಲು, ಬಂದದ್ದು ಅರ್ಧ ಪರ್ಸೆಂಟ್. ಅದರ ಮೇಲೆ ಸಿಆರ್‌ಆರ್ ಅನ್ನು, ಅಂದರೆ ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಪಾಲನ್ನು, ನಾಲ್ಕು ಕಂತಿನಲ್ಲಿ 4ರಿಂದ 3ಕ್ಕೆ ಇಳಿಸುವುದಾಗಿ ಹೇಳಿದರು. ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಬರುತ್ತದೆ ಎಂಬುದು ರಿಸರ್ವ್ ಬ್ಯಾಂಕಿನ ಲೆಕ್ಕ. ಏಪ್ರಿಲ್‌ನಲ್ಲಿ ಉದಾರಕ್ಕೆ ಬದಲಿಸಿದ್ದ ನಿಲುವನ್ನು ಅದೇ ಹೇಳಿಕೆಯಲ್ಲಿ ತಟಸ್ಥಕ್ಕೆ ವಾಪಸ್ ತಂದರು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಮಾರುಕಟ್ಟೆ ಬೀಳುತ್ತಿತ್ತು. ಸಿಆರ್‌ಆರ್ ಅದನ್ನು ಮುಚ್ಚಿಹಾಕಿತು.

ಇನ್ನು ಏಪ್ರಿಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಏಪ್ರಿಲ್ 10, ಗುರುವಾರ, ಮಹಾವೀರ ಜಯಂತಿ ರಜೆ. ಹಾಗಾಗಿ ಗುರುವಾರದ ಎಕ್ಸ್‌ಪೈರಿ (ಆಪ್ಷನ್ನಿನ ಅವಧಿ ಮುಗಿಯುವ ದಿನ) ಬುಧವಾರಕ್ಕೇ, ಅಂದರೆ 9ಕ್ಕೇ ಬಂದಿತ್ತು. ಅಂದು ಸಂಜೆ ಮೂರೂವರೆಗೆ ಸಾಯುವ ಆಪ್ಷನ್ನನ್ನು ನೀವು ಬೆಳಿಗ್ಗೆ ಕೊಂಡಿದ್ದೀರಿ ಅನಿಸುತ್ತದೆ. 170 ಕೊಟ್ಟ ಮೇಲೆ ನಿಫ್ಟಿ 22,450ರಿಂದ ಯಾವುದಾದರೂ ಒಂದು ಕಡೆಗೆ 170 ಪಾಯಿಂಟ್ ಹೋದರೆ ಮಾತ್ರ ನಿಮ್ಮ ಅಸಲು. ಮುಗಿದದ್ದು 22,399ರಲ್ಲಿ, ನಿಮ್ಮ ಸ್ಟ್ರೈಕ್ ಆದ 22,450ರಿಂದ 51 ಪಾಯಿಂಟ್ ದೂರ. 75ರ ಲಾಟ್‌ಗೆ ಗುಣಿಸಿ ನೋಡಿ, ಕೈಗೆ ಬಂದ ಮೊತ್ತ ಸಿಗುತ್ತದೆ.

ಪಾಲಿಸಿಗೆ ಮುಂಚೆ ಆಪ್ಷನ್ ಮಾರುವವನಿಗೂ ಭಯ ಇರುತ್ತದೆ, ಆ ಭಯಕ್ಕೆ ಅವನು ಬೆಲೆ ಕೇಳುತ್ತಾನೆ. ಪ್ರೀಮಿಯಂ ಉಬ್ಬುವುದು ಅದಕ್ಕೇ. ಗವರ್ನರ್ ಓದಿ ಮುಗಿಸಿದ ಹತ್ತು ನಿಮಿಷದಲ್ಲಿ ಆ ಉಬ್ಬರ ಇಳಿಯುತ್ತದೆ, ಕಾಲ್‌ನಲ್ಲೂ ಪುಟ್‌ನಲ್ಲೂ ಒಟ್ಟಿಗೇ. ಒಂದು ಹೋದರೆ ಇನ್ನೊಂದು ಬರಲೇಬೇಕು ಎಂಬ ಲೆಕ್ಕ ತಪ್ಪುವುದು ಇಲ್ಲಿಯೇ.

ನೋವಿನ ಮೇಲೆ ಬರೆ ಎಳೆಯಲು ಹೇಳುತ್ತಿಲ್ಲ, ಆದರೂ ತಿಳಿದಿರಲಿ: ಅದೇ 9ರ ರಾತ್ರಿ ಅಮೆರಿಕ ತನ್ನ ಹೊಸ ಸುಂಕಗಳಲ್ಲಿ 10 ಪರ್ಸೆಂಟಿಗಿಂತ ಮೇಲಿನ ಪಾಲನ್ನು ಚೀನಾ ಬಿಟ್ಟು ಉಳಿದ ದೇಶಗಳಿಗೆ 90 ದಿನ ತಡೆಹಿಡಿಯಿತು. ರಜೆ ಕಳೆದು 11ರಂದು ನಿಫ್ಟಿ 429 ಪಾಯಿಂಟ್ ಏರಿತು. ಆ ವಾರದ ನಿಜವಾದ ಸುದ್ದಿ ಮುಂಬೈಯದ್ದಲ್ಲ, ವಾಷಿಂಗ್ಟನ್ನಿನದು. ಅದು ಬಂದಾಗ ನಿಮ್ಮ ಆಪ್ಷನ್ ತೀರಿ ಏಳು ಗಂಟೆಯಾಗಿತ್ತು.

—

ಹುಬ್ಬಳ್ಳಿಯಾಂವ:

ಅಕ್ಕಾರು ಹೇಳಿದ್ದು ಖರೇ ಐತ್ರಿ. ಇದನ್ನ ಓದಿ 'ಹಂಗಾರ ಕೊಳ್ಳೂದ ಬ್ಯಾಡ, ಮಾರೂದ ಚಲೋ' ಅಂತ ನಿಮ್ಮ ತಲ್ಯಾಗ ಬಂದಿದ್ರ ನನ್ನ ಕತಿ ಒಂದ್ ಕೇಳ್ರಿ.

2022ರ ಮೇ 4. ಎಲ್‌ಐಸಿ ಐಪಿಓ ಶುರುವಾದ ದಿನ, ಎಲ್ಲಾರ ಲಕ್ಷ್ಯ ಆ ಕಡೆ. ಮುಂಜಾನೆ ನಿಫ್ಟಿ 17,000ದ ಮ್ಯಾಲಿತ್ತು. ಮರುದಿನ ಎಕ್ಸ್‌ಪೈರಿ. ನಾ 16,900ರ ಪುಟ್ 4 ಲಾಟ್ ಮಾರಿ ಊಟಕ್ಕ ಕುಂತಿದ್ದೆ. ಮಧ್ಯಾಹ್ನ ಎರಡಕ್ಕ ಗವರ್ನರ್ ಶಕ್ತಿಕಾಂತ ದಾಸ್ ಮಾತಾಡ್ತಾರ ಅಂತ ಟೀವ್ಯಾಗ ಬಂತು. ಪಾಲಿಸಿ ಇದ್ದದ್ದು ಜೂನ್‌ದಾಗ್ರಿ, ಅವತ್ತ ಏನೂ ಇದ್ದಿದ್ದಿಲ್ಲ. ರೆಪೋ 4ರಿಂದ 4.40, ಸಿಆರ್‌ಆರ್ ಅರ್ಧ ಪರ್ಸೆಂಟ್ ಜಾಸ್ತಿ. ನಿಫ್ಟಿ 391 ಪಾಯಿಂಟ್ ಬಿದ್ದು 16,677ಕ್ಕ ಮುಗೀತು.

ಸ್ಟಾಪ್‌ಲಾಸ್, ಅಂದ್ರ ನಷ್ಟ ಇಷ್ಟಕ್ಕ ನಿಲ್ಲಿಸೋ ಆರ್ಡರ್, ಹಾಕಿದ್ದೆ, ಹಾಕಿದ್ದಿಲ್ಲಂತಲ್ಲ. ಇಂಥಾ ರೇಟಿನೊಳಗ ಮಾತ್ರ ಆಗ್ಲಿ ಅಂತ ಲಿಮಿಟ್ ಇಟ್ಟಿದ್ದೆ. ರೇಟ್ ಅದನ್ನ ಜಿಗಿದು ಮುಂದ ಹೋತು, ಆರ್ಡರ್ ಹಂಗ ನಿಂತಿತ್ತು. ನಾ ನೋಡೂದ್ರಾಗ 35 ಸಾವಿರ. ಅವ್ವನ ಕಣ್ಣಿನ ಆಪರೇಶನ್ ಒಂದ್ ತಿಂಗಳ ಮುಂದ ಹಾಕಿದ್ವಿ. ಅದು ಈಗೂ ನೆನಪಾದ್ರ ಹೊಟ್ಟಿ ಉರೀತೈತಿ.

ಈಗ ಮಾರಿದ್ರ ಕೆಳಗಿನ ಸ್ಟ್ರೈಕಿಂದೊಂದ್ ಪುಟ್ ಕೊಂಡ ಇಟ್ಟಿರ್ತೀನ್ರಿ. ಲಾಭ ಸಣ್ಣದಾಗ್ತೈತಿ, ಆದ್ರ ಎಷ್ಟು ಹೋಗ್ಬೌದು ಅನ್ನೂದು ಮೊದಲ ಗೊತ್ತಿರ್ತೈತಿ. ಮತ್ತ ತಮ್ಮಾ, ಮನ್ಯಾಗ ಇವತ್ತ ಹೇಳಿಬಿಡು.

—

ಲೆಕ್ಕಪತ್ರ_ಉಡುಪಿ:

ತೆರಿಗೆಯ ವಿಚಾರ ಮಾತ್ರ ಹೇಳ್ತೇನೆ. ಆಪ್ಷನ್ ನಷ್ಟ ವ್ಯಾಪಾರದ ನಷ್ಟವಾಗಿಯೇ ಲೆಕ್ಕಕ್ಕೆ ಬರುತ್ತದೆ, ಐಟಿಆರ್-3 ಎಂಬ ರಿಟರ್ನ್ ನಮೂನೆಯಲ್ಲಿ ತೋರಿಸಬೇಕು. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ 8 ವರ್ಷ ಮುಂದಕ್ಕೆ ಒಯ್ಯಬಹುದು. ನಿಮ್ಮ ಫೆಬ್ರವರಿಯ ನಷ್ಟ 2024-25ಕ್ಕೆ, ಏಪ್ರಿಲ್‌ದ್ದು ಅದರ ಮುಂದಿನ ವರ್ಷಕ್ಕೆ. ಅಂಗಡಿಯ ಲಾಭದ ಎದುರು ಹೊಂದಿಸಿಕೊಳ್ಳಲಿಕ್ಕೂ ಆಗುತ್ತದೆ.

ಇನ್ನೊಂದು: ನೀವೊಬ್ಬರೇ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಕೊಟ್ಟ ಲೆಕ್ಕದಲ್ಲಿ, 2021-22ರಿಂದ ಮೂರು ವರ್ಷ ಫ್ಯೂಚರ್ಸ್, ಆಪ್ಷನ್ ಮಾಡಿದ ಬಿಡಿ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು.

—

ಗೊಬ್ಬರದಂಗಡಿ_ತಿಪಟೂರು:

ಮೇಡಂ, ಬ್ರೋಕರ್ ಕಳಿಸಿದ್ದ ಏಪ್ರಿಲ್‌ನ ಕಾಂಟ್ರಾಕ್ಟ್ ನೋಟ್ ತೆಗೆದು ನೋಡಿದೆ. ಎಕ್ಸ್‌ಪೈರಿ 9ನೇ ತಾರೀಕು ಅಂತಲೇ ಇದೆ. ರಜೆ ಗೊತ್ತಿತ್ತು, ಅಂಗಡಿಯ ಕ್ಯಾಲೆಂಡರಲ್ಲೇ ಇದೆ. ಆ ರಜೆಗೂ ಇದಕ್ಕೂ ಸಂಬಂಧ ಇದೆ ಅಂತ ಹೊಳೀಲೇ ಇಲ್ಲ. ಅವತ್ತು ಹತ್ತು ಗಂಟೆಗೆ ಯೂರಿಯಾಕ್ಕೆ ನಾಲ್ಕು ಜನ ನಿಂತಿದ್ರು, ಒಂದು ಕೈಲಿ ಬಿಲ್ಲು, ಒಂದು ಕೈಲಿ ಫೋನು. ಹಾಗೆ ಮಾಡೋ ಕೆಲಸ ಅಲ್ಲ ಇದು.

ಹುಬ್ಬಳ್ಳಿ ಅಣ್ಣಾ, ರಾತ್ರಿ ಮನೇಲಿ ಹೇಳಿದೆ. ಅವಳು ಬಯ್ಯಲಿಲ್ಲ, ಎಷ್ಟು ಉಳಿದಿದೆ ಅಂತ ಕೇಳಿದ್ಲು ಅಷ್ಟೇ. ಉಳಿದದ್ದನ್ನ ಇವತ್ತು ಬ್ಯಾಂಕಿಗೆ ವಾಪಸ್ ಹಾಕಿದ್ದೀನಿ. ಡ್ರಿಪ್ಪಿನವರು ಸೋಮವಾರ ಅಳತೆಗೆ ಬರ್ತಾರೆ.

ಆಗಸ್ಟಲ್ಲಿ ದುಡ್ಡು ಹಾಕಲ್ಲ. ಆದ್ರೆ ಕಲೀಬೇಕು ಅಂತ ಆಸೆ ಹೋಗಿಲ್ಲ. ಮಾರುಕಟ್ಟೆ ಮೊದಲೇ ಎಷ್ಟು ನಿರೀಕ್ಷೆ ಮಾಡಿದೆ ಅಂತ ನನ್ನಂಥವನು ಎಲ್ಲಿ ನೋಡ್ಬೇಕು ಮೇಡಂ?

—

ನಿವೃತ್ತ_ಟ್ರೆಷರಿ_ಮೈಸೂರು:

ಸುದ್ದಿಯ ನಿರೀಕ್ಷೆಗೆ ಹಿಂದಿನ ದಿನದ ಪತ್ರಿಕೆ ಸಾಕು, ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಏನು ಹೇಳಿದ್ದಾರೆ ಎಂದು ಬಂದಿರುತ್ತದೆ. ಎಷ್ಟು ಪಾಯಿಂಟ್ ಆಡಬಹುದು ಎಂಬ ನಿರೀಕ್ಷೆ ನಿಮ್ಮ ಫೋನಿನಲ್ಲೇ ಇದೆ. ಪಾಲಿಸಿ ದಿನ ಬೆಳಿಗ್ಗೆ ಒಂಬತ್ತೂವರೆಗೆ, ನಿಫ್ಟಿಗೆ ಅತಿ ಹತ್ತಿರದ ಸ್ಟ್ರೈಕಿನ ಕಾಲ್ ಮತ್ತು ಪುಟ್ ಬೆಲೆ ಕೂಡಿಸಿ. ಎಕ್ಸ್‌ಪೈರಿಯೊಳಗೆ ಅಷ್ಟು ಪಾಯಿಂಟ್ ಆಡಬಹುದು ಎಂದು ಮಾರುಕಟ್ಟೆ ಬೆಲೆ ಕಟ್ಟಿದೆ ಎಂದರ್ಥ. ಅಂಗಡಿ ಪುಸ್ತಕದಲ್ಲಿ ಅದನ್ನು ಬರೆದು, ಪಕ್ಕದಲ್ಲಿ ಎಕ್ಸ್‌ಪೈರಿ ತಾರೀಕು ಬರೆಯಿರಿ. ಹತ್ತೂಕಾಲಿಗೆ ಮತ್ತೊಮ್ಮೆ ಕೂಡಿಸಿ ಬರೆಯಿರಿ, ಸಂಜೆ ಮೂರೂವರೆಗೆ ಇನ್ನೊಮ್ಮೆ. ಆ ಮೂರು ಅಂಕಿಗಳನ್ನು ಇಲ್ಲಿ ಹಾಕಿ, ಕೂತು ಒಟ್ಟಿಗೆ ಓದೋಣ.