ಮಕ್ಕಳ ಆರ್ಥೋ ಮಾಡಬೇಕು ಅಂತಿದ್ದೇನೆ, ಸಿಪಿ ಮತ್ತು ಡುಶೆನ್ (ವರ್ಷ ಕಳೆದಂತೆ ಸ್ನಾಯು ಸೋಲುತ್ತಾ ಹೋಗುವ ಕಾಯಿಲೆ) ಮಕ್ಕಳ ಕೆಲಸ ಹೇಗಿರುತ್ತದೆ?

ಎಂಎಸ್ ಕೊನೆ ವರ್ಷ:

ಎಲ್ಲರಿಗೂ ನಮಸ್ಕಾರ. ಎಂಎಸ್ ಆರ್ಥೋ, ಅಂದರೆ ಮೂಳೆ ಸರ್ಜರಿ ಓದಿನ ಕೊನೆ ವರ್ಷದಲ್ಲಿದ್ದೇನೆ, ಊರು ಗದಗ ಕಡೆ. ಹೋದ ತಿಂಗಳು ನಮ್ಮ ಒಪಿಡಿಗೆ ಒಬ್ಬರು ಹತ್ತು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಸೆರೆಬ್ರಲ್ ಪಾಲ್ಸಿ (ಸಿಪಿ), ತಾನಾಗಿ ಕೂರಲು ಆಗುವುದಿಲ್ಲ. ಬಟ್ಟೆ ಬದಲಿಸುವಾಗ ಕಾಲು ಅಗಲಿಸಿದರೆ ಸಾಕು, ಕಿರುಚುತ್ತಾಳೆ ಅಂದರು. ಎಕ್ಸ್‌ರೇ ತೆಗೆದರೆ ಎರಡೂ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಿಂದ ಆಚೆ ಬಂದಿವೆ. 'ಐದು ವರ್ಷ ಮೊದಲು ಬಂದಿದ್ದರೆ ಸುಲಭ ಇತ್ತು' ಅಂದರು ನಮ್ಮ ಸರ್. ಅದಕ್ಕೆ ಆ ಅಪ್ಪ, 'ಐದು ವರ್ಷದ ಹಿಂದನೂ ತೋರಸ್ತಾನ ಇದ್ವಿ ಸರ್, ಸೊಂಟದ ಎಕ್ಸ್‌ರೇ ತಗಸ್ರಿ ಅಂತ ಯಾರೂ ಹೇಳ್ಲಿಲ್ರಿ' ಅಂದರು.

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಮಕ್ಕಳ ಆರ್ಥೋ ಫೆಲೋಶಿಪ್ ಮಾಡಿ ಇಂಥ ಮಕ್ಕಳನ್ನೇ ನೋಡಬೇಕು ಅನಿಸಿದೆ. ಜೊತೆಯವರೆಲ್ಲ ಮಂಡಿ ಬದಲಿಸುವ ಸರ್ಜರಿ ಕಲಿ, ಇದರಲ್ಲಿ ದುಡ್ಡಿಲ್ಲ, ಮಕ್ಕಳು ವಾಸಿಯಾಗುವುದೂ ಇಲ್ಲ, ಮನಸ್ಸು ಕೆಡುತ್ತದೆ ಅನ್ನುತ್ತಾರೆ. ಈ ಕೆಲಸ ಹತ್ತಿರದಿಂದ ಬಲ್ಲವರು ಇದ್ದರೆ ಹೇಳಿ. ಡಾಕ್ಟರೇ ಆಗಬೇಕಿಲ್ಲ.

ಹಳೇ ಸರ್ಜನ್:

ತಮ್ಮಾ, 26 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ನನ್ನ ಸಂಪಾದನೆಯ ಬಹುಪಾಲು ಬಂದದ್ದು ಮುರಿದ ಮೊಣಕೈ, ಸೊಟ್ಟಪಾದಗಳಿಂದ. ಸಿಪಿ ಮಗುವನ್ನು ಒಂದು ಸಲ ಸರಿಯಾಗಿ ನೋಡಲು ಮುಕ್ಕಾಲು ಗಂಟೆ ಬೇಕು, ಆ ಹೊತ್ತಿಗೆ ತಕ್ಕ ಫೀಸು ಯಾರಿಂದ ಕೇಳುತ್ತೀರಿ? ಮನೆ ನಡೆಯುತ್ತದೆ, ಮಕ್ಕಳು ಓದುತ್ತಾರೆ. ಜೊತೆಯವರಷ್ಟು ಜಾಸ್ತಿ ಸಿಗುವುದಿಲ್ಲ.

ಈಗ ಕೆಲಸದ ವಿಷಯ. ನನಗೆ ಕಲಿಸಿದವರು ಪೋಲಿಯೋ ಕಾಲದವರು. ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಬಿಡಿಸಿ ಇನ್ನೊಂದು ಕಡೆ ಹೊಲಿದು ಬಿದ್ದ ಪಾದವನ್ನು ಎಬ್ಬಿಸುವುದರಲ್ಲಿ ಅವರ ಕೈ ಎತ್ತಿದ್ದು. ದೇಶದಲ್ಲಿ ಕೊನೆಯ ಪೋಲಿಯೋ ಮಗು ಸಿಕ್ಕಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಆಮೇಲೆ ಆ ಕಾಯಿಲೆ ಹೋಯಿತು, ಆ ಅಭ್ಯಾಸ ಉಳಿಯಿತು. ಪೋಲಿಯೋದಲ್ಲಿ ಸ್ನಾಯು ಸೋತಿರುತ್ತದೆ, ಮೆದುಳು ಸರಿ ಇರುತ್ತದೆ. ಸಿಪಿಯಲ್ಲಿ ಪೆಟ್ಟು ಬಿದ್ದಿರುವುದೇ ಮೆದುಳಿಗೆ. ಅಲ್ಲಿಂದ ಬರುವ ಅಪ್ಪಣೆಯೇ ತಪ್ಪು, ಸ್ನಾಯು ಬಿಗಿದುಕೊಂಡೇ ಇರುತ್ತದೆ, ಮೂಳೆ ಬೆಳೆದಷ್ಟು ವೇಗವಾಗಿ ಅದು ಬೆಳೆಯುವುದಿಲ್ಲ. ಇದು ತಲೆಗೆ ಹತ್ತದೆ ನಾನೂ ಶುರುವಿನ ವರ್ಷಗಳಲ್ಲಿ ತುದಿಗಾಲಲ್ಲಿ ನಡೆಯುವ ಮಗು ಕಂಡರೆ ಹಿಮ್ಮಡಿಯ ಟೆಂಡನ್ ಉದ್ದ ಮಾಡಿ ಕಳಿಸುತ್ತಿದ್ದೆ. ಪಾದ ನೆಲಕ್ಕೆ ತಾಗುತ್ತಿತ್ತು, ತಂದೆ ತಾಯಿ ಕೈ ಮುಗಿದು ಹೋಗುತ್ತಿದ್ದರು. ನಾಲ್ಕೈದು ವರ್ಷಕ್ಕೆ ಅದೇ ಹುಡುಗ ಮಂಡಿ ಸೊಂಟ ಎರಡೂ ಬಗ್ಗಿಸಿ ಕುಕ್ಕರಿಸಿದ ಹಾಗೆ ನಡೆದು ಬರುತ್ತಿದ್ದ. ಅದನ್ನು ಸರಿ ಮಾಡುವುದು ತುದಿಗಾಲು ಸರಿ ಮಾಡುವುದಕ್ಕಿಂತ ಎಷ್ಟೋ ಕಷ್ಟ. ಆ ಮಕ್ಕಳ ಮುಖ ನನಗೆ ಇನ್ನೂ ನೆನಪಿದೆ.

ಟೊರಾಂಟೊದ ಮಕ್ಕಳ ಮೂಳೆ ಸರ್ಜನ್ ಮರ್ಸರ್ ರ‍್ಯಾಂಗ್ ಇದಕ್ಕೆ 'ಬರ್ತ್‌ಡೇ ಸಿಂಡ್ರೋಮ್' ಅಂತ ಹೆಸರಿಟ್ಟರು. ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ ಹಿಂದೆ, ಅದರ ಮುಂದಿನ ವರ್ಷ ಸೊಂಟ, ಮಗುವಿನ ಹುಟ್ಟುಹಬ್ಬಗಳೆಲ್ಲ ಆಸ್ಪತ್ರೆಯಲ್ಲೇ. ಈಗ ನಡೆಯುವ ಮಗುವಾದರೆ ಸಣ್ಣ ವಯಸ್ಸಿನಲ್ಲಿ ಫಿಸಿಯೋ, ಸ್ಪ್ಲಿಂಟ್, ಬೇಕಾದರೆ ಬಿಗಿದ ಸ್ನಾಯು ಸಡಿಲಿಸಲು ಬೊಟಾಕ್ಸ್ ಕೊಟ್ಟು ಕಾಯುತ್ತೇವೆ. ನಡಿಗೆ ಒಂದು ಹದಕ್ಕೆ ಬಂದ ಮೇಲೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡರ ಒಳಗೆ, ಮೂಳೆ ಸ್ನಾಯು ಎಲ್ಲದರ ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸುತ್ತೇವೆ. ಆ ಕಾಯುವ ವರ್ಷಗಳಲ್ಲಿ ತಂದೆ ತಾಯಿ ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗದ ಹಾಗೆ ನಂಬಿಕೆ ಉಳಿಸಿಕೊಳ್ಳುವುದಿದೆಯಲ್ಲ, ನನಗೆ ಆಪರೇಷನ್‌ಗಿಂತ ಅದೇ ಜಾಸ್ತಿ ಕಷ್ಟ ಅನಿಸಿದ್ದು.

ಇನ್ನು ಆ ಹುಡುಗಿಯ ಸೊಂಟ. ಸಿಪಿ ಮಗು ಹುಟ್ಟುವಾಗ ಸೊಂಟದ ಕೀಲು ಸರಿಯಾಗೇ ಇರುತ್ತದೆ. ತೊಡೆಯ ಒಳಬದಿ ಸ್ನಾಯು ಎಳೆಯುತ್ತಾ ಎಳೆಯುತ್ತಾ, ಮಗು ನಿಲ್ಲದೆ ನಡೆಯದೆ ಇರುವುದರಿಂದ ಮೂಳೆಯೂ ಸರಿಯಾದ ಆಕಾರಕ್ಕೆ ಬರದೆ, ಗುಂಡು ಸ್ವಲ್ಪಸ್ವಲ್ಪವೇ ಜಾರುತ್ತದೆ. ಮೊದಲ ವರ್ಷಗಳಲ್ಲಿ ನೋವು ಇರುವುದೇ ಇಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಚಲನೆಯ ಶಕ್ತಿ ನೋಡಿ ಮಕ್ಕಳನ್ನು ಐದು ಹಂತ ಮಾಡುವ ಜಿಎಂಎಫ್‌ಸಿಎಸ್ ಪದ್ಧತಿ 1997ರಲ್ಲಿ ಕೆನಡಾದಿಂದ ಬಂತು. ಆಸ್ಟ್ರೇಲಿಯಾದವರು ಅದೇ ಲೆಕ್ಕದಲ್ಲಿ 2006ರಲ್ಲಿ ತೋರಿಸಿದರು: ಚೆನ್ನಾಗಿ ನಡೆಯುವ ಮೊದಲ ಹಂತದಲ್ಲಿ ಒಬ್ಬರಿಗೂ ಸೊಂಟ ಜಾರಿರಲಿಲ್ಲ, ಐದನೇ ಹಂತದಲ್ಲಿ ನೂರಕ್ಕೆ 90 ಮಕ್ಕಳಿಗೆ ಜಾರಿತ್ತು. ದಕ್ಷಿಣ ಸ್ವೀಡನ್‌ನವರು 1994ರಿಂದ ಎಲ್ಲ ಸಿಪಿ ಮಕ್ಕಳನ್ನೂ ಪಟ್ಟಿ ಮಾಡಿಕೊಂಡು ಗೊತ್ತಾದ ಹೊತ್ತಿಗೆ ಎಕ್ಸ್‌ರೇ ತೆಗೆಯುತ್ತಾ ಬಂದರು. ಮೊದಲು ನೂರರಲ್ಲಿ ಎಂಟೊಂಬತ್ತು ಮಕ್ಕಳಿಗೆ ಕೀಲು ಪೂರ್ತಿ ತಪ್ಪುತ್ತಿತ್ತು, ಆಮೇಲೆ ನೂರಕ್ಕೆ ಒಬ್ಬರಿಗೂ ಇಲ್ಲ. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ. ಒಂದು ಎಕ್ಸ್‌ರೇ, ಒಂದು ಸ್ಕೇಲು, ಒಂದು ರಿಜಿಸ್ಟರು! ಗುಂಡಿನಲ್ಲಿ ನೂರಕ್ಕೆ 30 ಭಾಗ ಬಟ್ಟಲಿನಿಂದ ಹೊರಗಿದೆ ಅಂದರೆ ಎಚ್ಚರ ಆಗಬೇಕು.

ತುಮಕೂರಿನ ಅಮ್ಮ:

ಡಾಕ್ಟ್ರೇ, ನೀವು ಮೇಲೆ ಬರೆದ ಹುಡುಗ ನನ್ನ ಮಗನೇ ಇರಬಹುದು ಅನಿಸಿತು. ಈಗ ಅವನಿಗೆ 17. ಐದನೇ ವರ್ಷದಲ್ಲಿ ಒಂದು ಕಡೆ 'ಹಿಮ್ಮಡಿ ನರ ಬಿಟ್ಟರೆ ಮಗು ಓಡುತ್ತದೆ' ಅಂದರು, ನಾವು ಸಾಲ ಮಾಡಿ ಮಾಡಿಸಿದೆವು. ಒಂಬತ್ತಕ್ಕೆ ಬರುವಷ್ಟರಲ್ಲಿ ಮಂಡಿ ಮಡಚಿಕೊಂಡೇ ನಡೆಯುತ್ತಿದ್ದ, ಸ್ಕೂಲಿನ ಮೆಟ್ಟಿಲು ಹತ್ತಿದರೆ ಮಧ್ಯಾಹ್ನ ಊಟಕ್ಕೆ ಕೂರುವ ಶಕ್ತಿಯೂ ಇರುತ್ತಿರಲಿಲ್ಲ.

ಆಮೇಲೆ ಸಿಕ್ಕ ಡಾಕ್ಟರು ಮೊದಲ ದಿನ ಕತ್ತರಿ ಮಾತೇ ಎತ್ತಲಿಲ್ಲ. ಕಾರಿಡಾರಿನಲ್ಲಿ ಅವನನ್ನು ಮೂರು ಸಲ ನಡೆಸಿದರು, ಪಕ್ಕದಿಂದ ಒಂದು ವಿಡಿಯೋ, ಎದುರಿನಿಂದ ಒಂದು ವಿಡಿಯೋ. ಆಮೇಲೆ ನನ್ನನ್ನಲ್ಲ, ಅವನನ್ನೇ ಕೇಳಿದರು, 'ನಿನಗೆ ಏನು ಮಾಡೋಕೆ ಆಗಬೇಕಪ್ಪಾ?' ಅವನು 'ಪ್ರೇಯರ್ ಮುಗಿಯೋವರೆಗೂ ನಿಂತ್ಕೋಬೇಕು' ಅಂದ. ಒಂಬತ್ತು ವರ್ಷ ಹೆತ್ತು ಸಾಕಿದ ನನಗೆ ಅದು ಗೊತ್ತಿರಲಿಲ್ಲ. ಎರಡು ವರ್ಷ ಕಾಯಿಸಿ ಹನ್ನೊಂದಕ್ಕೆ ದೊಡ್ಡ ಆಪರೇಷನ್ ಮಾಡಿದರು, ಎರಡೂ ಕಾಲಿಗೆ. ಮುಂದಿನ ಆರು ತಿಂಗಳು ನರಕ, ಸುಳ್ಳು ಹೇಳುವುದಿಲ್ಲ. ಮೊದಲಿಗಿಂತ ಕೆಟ್ಟದಾಗಿ ನಡೆಯುತ್ತಿದ್ದ, ರಾತ್ರಿ ಕಾಲು ಸೆಳೆದು ಅಳುತ್ತಿದ್ದ. ಪೂರ್ತಿ ಗುಣ ಕಾಣಲು ಒಂದೂವರೆ ವರ್ಷ ಹಿಡಿಯಿತು. ಈಗ ಒಂದು ಕೋಲು ಹಿಡಿದು ಪಿಯು ಕಾಲೇಜಿಗೆ ಹೋಗುತ್ತಾನೆ.

ತಮ್ಮಾ, ನೀನು ಈ ಕೆಲಸಕ್ಕೆ ಬಾ. ಬಂದಾಗ ಆ ಆರು ತಿಂಗಳ ವಿಷಯ ಮೊದಲೇ ಹೇಳು. ನಮಗೂ ಹೇಳಿದ್ದರು, ಅದಕ್ಕೇ ತಡೆದುಕೊಂಡೆವು.

ಫಿಸಿಯೋ, ಮಂಗಳೂರು:

ಅಕ್ಕ ಹೇಳಿದ್ದು ನಿಜ. ನಾನು ಒಂದೇ ಮಾತು ಸೇರಿಸುತ್ತೇನೆ. ಆಪರೇಷನ್ ದಿನಾಂಕ ಬರೆಯುವ ಮೊದಲು ಆ ಊರಲ್ಲಿ ಫಿಸಿಯೋ ಇದ್ದಾರಾ, ವಾರಕ್ಕೆ ಎಷ್ಟು ಸಲ ಬಸ್ ಹತ್ತಬೇಕು, ಮನೆಯಲ್ಲಿ ಯಾರು ವ್ಯಾಯಾಮ ಮಾಡಿಸುತ್ತಾರೆ ಅಂತ ಕೇಳಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ನನ್ನ ಹತ್ತಿರ ಎರಡು ಸಲ ಬಂದು ಆಮೇಲೆ ಕಾಣದೇ ಹೋದ ಮಕ್ಕಳನ್ನು ನೋಡಿದ್ದೇನೆ. ಅಷ್ಟು ಚೆನ್ನಾಗಿ ಮಾಡಿದ ಸರ್ಜರಿ ಸುಮ್ನೆ ಹಾಳು.

ಎಂಎಸ್ ಕೊನೆ ವರ್ಷ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ಡುಶೆನ್ ಬಗ್ಗೆ ನೀವು ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯ ಇರುವುದು ಅಲ್ಲೇ.

ಹಳೇ ಸರ್ಜನ್:

ಭಯ ಇರಲಿ, ಅದು ತಪ್ಪಲ್ಲ. ಡುಶೆನ್ ಹುಡುಗರು ಮೊದಲೆಲ್ಲ ಹನ್ನೆರಡರ ಒಳಗೆ ನಡಿಗೆ ನಿಲ್ಲಿಸುತ್ತಿದ್ದರು. ವೀಲ್‌ಚೇರಿಗೆ ಬಂದ ಮೇಲೆ ಬೆನ್ನು ಡೊಂಕಾಗುತ್ತಿತ್ತು, ಬೆನ್ನು ಬಾಗಿದಷ್ಟೂ ಉಸಿರಾಟ ಕಡಿಮೆ. ಸ್ಟೀರಾಯ್ಡ್ ಕೊಡಲು ಶುರು ಮಾಡಿದ ಮೇಲೆ ನಡಿಗೆ ಇನ್ನಷ್ಟು ವರ್ಷ ಉಳಿಯುತ್ತದೆ, ಬೆನ್ನಿನ ಸರ್ಜರಿ ಬೇಕಾಗುವ ಹುಡುಗರು ತುಂಬಾ ಕಡಿಮೆಯಾದರು. ಆದರೆ ಅದೇ ಔಷಧದಿಂದ ಮೂಳೆ ಪೊಳ್ಳಾಗುತ್ತದೆ. ಕುರ್ಚಿಯಿಂದ ಎತ್ತುವಾಗ ತೊಡೆ ಮುರಿದ ಹುಡುಗನನ್ನು ನೋಡಿದ್ದೇನೆ. ನಡೆಯುವ ಹುಡುಗನಿಗೆ ಮೂಳೆ ಮುರಿದರೆ ಬೇಗ ಎಬ್ಬಿಸಿ ನಿಲ್ಲಿಸಬೇಕು, ಎಂಟು ವಾರ ಮಲಗಿಸಿದರೆ ಆಮೇಲೆ ಅವನು ಏಳುವುದೇ ಇಲ್ಲ. ಸರ್ಜರಿ ಮಾಡುವುದಾದರೆ ಹೃದಯ, ಶ್ವಾಸಕೋಶ ಎರಡೂ ನೋಡಿಸಿ. ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ತಿಳಿಸಿ, ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಈ ಮಕ್ಕಳಿಗೆ ಕೊಡಲೇಬಾರದು, ಹೃದಯ ನಿಂತುಹೋಗಬಹುದು.

ಎಸ್‌ಎಂಎ (ಬೆನ್ನುಹುರಿಯ ನರಕೋಶ ಸತ್ತು ಸ್ನಾಯು ಸೋಲುವ ಕಾಯಿಲೆ) ಮಕ್ಕಳ ಕಥೆ ಈಗ ಬೇರೆಯೇ ಆಗುತ್ತಿದೆ. 2016ರಲ್ಲಿ ಮೊದಲ ಔಷಧ ನುಸಿನರ್ಸೆನ್ ಬಂತು, ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಚುಚ್ಚಬೇಕು. ಹಾಗಾಗಿ ಬೆನ್ನಿಗೆ ರಾಡ್ ಹಾಕಿ ಮೂಳೆ ಬೆಸೆಯುವಾಗ ಸೊಂಟದ ಹತ್ತಿರ ಸೂಜಿ ಹೋಗಲು ಒಂದು ಕಿಂಡಿ ಬಿಡುತ್ತೇವೆ. ಮೊದಲ ಸಲ ಆ ಕಿಂಡಿ ಬಿಟ್ಟ ದಿನ ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಈ ಮಗುವಿಗೆ ಮುಂದೆ ಔಷಧ ಕೊಡುವವರು ಇದ್ದಾರೆ ಅನ್ನುವ ಯೋಚನೆ ನಮ್ಮ ಕಾಲದಲ್ಲಿ ಇರಲೇ ಇಲ್ಲ.

ಡುಶೆನ್ ಹುಡುಗರು ಹೋಗುತ್ತಾರೆ, ನಿಜ. ಈಗ ರಾತ್ರಿ ಉಸಿರಾಟದ ಯಂತ್ರ, ಹೃದಯದ ಔಷಧ ಎಲ್ಲ ಇರುವುದರಿಂದ ಮೂವತ್ತರ ಹತ್ತಿರ, ಅದರಾಚೆಗೂ ಬದುಕುವವರಿದ್ದಾರೆ. ಹೋದವರ ಮನೆಗೆ ನಾನು ಹೋಗಿ ಬರುತ್ತೇನೆ. ಅಷ್ಟು ವರ್ಷ ನೋಡಿದ ಮೇಲೆ ಹೋಗದೆ ಇರಲು ಆಗುವುದಿಲ್ಲ.

ಅದಿರಲಿ, ಆ ಹತ್ತು ವರ್ಷದ ಹುಡುಗಿಗೆ ಏನು ಮಾಡಿದಿರಿ?

ಎಂಎಸ್ ಕೊನೆ ವರ್ಷ:

ಗುರುವಾರ ಮತ್ತೆ ಬರಲು ಹೇಳಿದ್ದೇವೆ ಸರ್. ನಡೆಯುತ್ತಾಳಾ ಅಂತ ಅವಳ ಅಪ್ಪ ಒಂದು ಸಲವೂ ಕೇಳಲಿಲ್ಲ. ಬಸ್ಸಿನಲ್ಲಿ ಅಳದೆ ಕೂತರೆ ಸಾಕು ಅಂದರು.

ಹಳೇ ಸರ್ಜನ್:

ಗುಂಡಿನ ಮೇಲಿನ ಮೃದ್ವಸ್ಥಿ ಇನ್ನೂ ಚೆನ್ನಾಗಿದ್ದರೆ ಮೂಳೆ ಕತ್ತರಿಸಿ ಒಳಗೆ ಕೂರಿಸಬಹುದು, ಸವೆದಿದ್ದರೆ ದಾರಿ ಬೇರೆ. ಹೆಸರು, ನಂಬರು ಮರೆಮಾಡಿ ಎಕ್ಸ್‌ರೇ ನನಗೆ ಮೆಸೇಜ್ ಮಾಡಿ, ಇವತ್ತೇ ನೋಡುತ್ತೇನೆ. ಬೆನ್ನಿನದ್ದೂ ಒಂದು ತೆಗೆಸಿ, ಕೂರಿಸಿ ತೆಗೆದದ್ದು.