ಬೆಂಗಳೂರಿನ ಎಲ್‌ಜಿಬಿಟಿ ಅಗತ್ಯ ಸಮೀಕ್ಷೆ: ಗೂಗಲ್ ಫಾರಂ ಒಂದೇ ಸಾಕೇ?

ಪ್ರಶ್ನೆ (ಜಾಲಹಳ್ಳಿ_ಕ್ರಾಸ್)

ನಮ್ಮ ಸಂಸ್ಥೆ ಬೆಂಗಳೂರಿನಲ್ಲಿ ಎಲ್‌ಜಿಬಿಟಿ ಸಮುದಾಯಕ್ಕೆ ಸಹಾಯ ಕೇಂದ್ರ ತೆರೆಯಬೇಕೆಂದಿದೆ. ಅದಕ್ಕೂ ಮೊದಲು ಆರು ತಿಂಗಳಲ್ಲಿ ಅಗತ್ಯಗಳ ಸಮೀಕ್ಷೆ ಮುಗಿಯಬೇಕು. ಸದ್ಯದ ಯೋಜನೆ: 40 ಪ್ರಶ್ನೆಗಳ ಗೂಗಲ್ ಫಾರಂ ಮಾಡಿ ಇನ್‌ಸ್ಟಾಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಹಂಚುವುದು, 500 ಉತ್ತರ ಬಂದಾಗ ನಿಲ್ಲಿಸುವುದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಲಿಂಗದ ಪ್ರಶ್ನೆಗೆ ‘ಇತರೆ’ ಎಂದು ದಾಖಲಾದವರು 20,266. ಅದನ್ನೇ ಆಧಾರವಾಗಿಟ್ಟುಕೊಂಡು ಸ್ಯಾಂಪಲ್ ತೆಗೆಯಬಹುದೇ? ಎಲ್ಲಿ ಕೈಕೊಡುತ್ತೆ?

ಲೆಕ್ಕದ_ಪುಸ್ತಕ

ಜನಗಣತಿ ಸಂಖ್ಯೆ ಕೈಬಿಡಿ. ಮನೆಯಲ್ಲಿದ್ದ ಯಾರೋ ಒಬ್ಬರು ಎಲ್ಲರ ಪರವಾಗಿ ಕೊಟ್ಟ ಉತ್ತರ ಅದು. ಲೈಂಗಿಕ ಒಲವಿನ ಪ್ರಶ್ನೆ ಅದರಲ್ಲಿ ಇರಲೇ ಇಲ್ಲ, ಹಾಗಾಗಿ ಗೇ, ಲೆಸ್ಬಿಯನ್, ಬೈ ಯಾರೂ ಲೆಕ್ಕಕ್ಕೆ ಸಿಗೋದಿಲ್ಲ.

ಫಾರಂಗೆ 500 ಉತ್ತರ ಬಂದೇ ಬರುತ್ತೆ. ಆದರೆ ಬಹುಪಾಲು ಇಂಗ್ಲಿಷ್ ಬಲ್ಲ, ಸಂಬಳ ಇರುವ, 20ರಿಂದ 35ರ ಗೇ ಗಂಡಸರದ್ದೇ ಆಗಿರುತ್ತೆ. ಹಮಾಮ್‌ಗಳಲ್ಲಿ (ಹಿಜ್ರಾಗಳು ಒಟ್ಟಿಗೆ ಬದುಕುವ ಸ್ನಾನದ ಮನೆಗಳು) ಇರುವವರು, ಬಸ್ತಿಗೆ (ಅಂಗಡಿಗಳಲ್ಲಿ ಹಣ ಬೇಡಲು) ಹೋಗಿ ಬದುಕುವವರು, ಮದುವೆಯಾಗಿರುವ ಕೋಥಿಗಳು (ಹೆಣ್ಣಿನ ನಡೆನುಡಿಯ, ಗಂಡಸರತ್ತ ಒಲವಿರುವ ಗಂಡಸರು) ಅದರಲ್ಲಿ ಬರೋದಿಲ್ಲ. ಅವರಿಗೆ ರೆಸ್ಪಾಂಡೆಂಟ್ ಡ್ರಿವನ್ ಸ್ಯಾಂಪ್ಲಿಂಗ್ (ಆರ್‌ಡಿಎಸ್), ಅಂದರೆ ಭಾಗವಹಿಸಿದವರೇ ತಮ್ಮ ಪರಿಚಯದವರನ್ನು ಕರೆತರುವ ವಿಧಾನ, ಒಗ್ಗುತ್ತೆ. ಬೇರೆ ಬೇರೆ ವಲಯದ 6–8 ಜನರನ್ನು ‘ಬೀಜ’ ಅಂತ ಆರಿಸಿ, ಪರಿಚಯದವರಿಗೆ ಹಂಚೋಕೆ ತಲಾ ಮೂರು ಕೂಪನ್ ಕೊಡಿ. ಕೂಪನ್ ತಂದವರಿಗೂ ಸಂದರ್ಶನ ಮುಗಿದ ಮೇಲೆ ಮೂರು. ಎರಡು ವಾರದ ಗಡುವು ಹಾಕಿ.

ಶೇ. 95 ವಿಶ್ವಾಸ, ತಪ್ಪಿನ ಅಂತರ ಆಚೀಚೆ ಶೇ. 10 ಅಂದರೆ ಮಾಮೂಲಿ ಸೂತ್ರದಲ್ಲಿ 96 ಜನ. ಆರ್‌ಡಿಎಸ್‌ನಲ್ಲಿ ಪರಿಚಯಸ್ಥರು ಪರಿಚಯಸ್ಥರನ್ನೇ ತರೋದರಿಂದ ಕನಿಷ್ಠ ದುಪ್ಪಟ್ಟು ಬೇಕು. ಅಂದರೆ ಒಂದೊಂದು ಗುಂಪಿಗೆ 200 ಹತ್ತಿರ. ಎಲ್ಲರನ್ನೂ ಕಲಸಿ 500 ಅಂತ ಹಿಡಿದರೆ ಯಾವ ಗುಂಪಿನ ಬಗ್ಗೆಯೂ ಗಟ್ಟಿಯಾಗಿ ಏನೂ ಹೇಳಕ್ಕಾಗಲ್ಲ.

ಕೈಕೊಡುವ ಜಾಗಗಳು ಮೂರು. ‘ಕಳೆದ 30 ದಿನಗಳಲ್ಲಿ ಭೇಟಿಯಾದ, ನಿಮ್ಮಂಥವರೇ ಆದ ಎಷ್ಟು ಜನ ಪರಿಚಯ?’ ಅಂತ ಕೇಳೋದು ಮರೆತರೆ ಕತೆ ಮುಗೀತು. ಹೆಚ್ಚು ಪರಿಚಯ ಇರುವವರು ಸ್ಯಾಂಪಲ್‌ಗೆ ಬರುವ ಸಾಧ್ಯತೆಯೂ ಹೆಚ್ಚು. ಅದನ್ನು ಸರಿದೂಗಿಸೋಕೆ ಆ ಸಂಖ್ಯೆಯೇ ಬೇಕು. ಎರಡನೆಯದು, ಗೌರವಧನ ಜಾಸ್ತಿ ಇಟ್ಟರೆ ಕೂಪನ್ ಮಾರಾಟಕ್ಕೆ ಬೀಳುತ್ತೆ, ಒಬ್ಬರೇ ಎರಡು ಹೆಸರಲ್ಲಿ ಬರುತ್ತಾರೆ. ಬಸ್ ಖರ್ಚು, ಕಳೆದ ಸಮಯದ ಕೂಲಿ, ಅಷ್ಟಕ್ಕೇ ನಿಲ್ಲಿಸಿ. ಮೂರನೆಯದು ಗುರು–ಚೇಲಾ ವ್ಯವಸ್ಥೆ, ಅಂದರೆ ಹಿಜ್ರಾ ಮನೆಗಳಲ್ಲಿ ಶಿಷ್ಯರು ಹಿರಿಯ ಗುರುವಿನ ಮಾತಿನಂತೆ ನಡೆಯೋದು. ಕೂಪನ್ ಯಾರಿಗೆ ಹೋಗಬೇಕು ಅಂತ ಗುರು ತೀರ್ಮಾನ ಮಾಡಿದರೆ ನಿಮ್ಮ ಸರಪಳಿ ಒಂದೇ ಮನೆಯೊಳಗೆ ಸುತ್ತುತ್ತೆ. ಗುರುವಿನ ಒಪ್ಪಿಗೆ ಮೊದಲೇ ಕೇಳಿ, ಸಂದರ್ಶನ ಮಾತ್ರ ಹಮಾಮ್ ಹೊರಗೆ.

ಮಾವಳ್ಳಿ_ಮಳೆ

ಮೇಲಿನದ್ದಕ್ಕೆ ಒಂದು ತಕರಾರು. ಲೆಸ್ಬಿಯನ್ ಹೆಣ್ಣುಮಕ್ಕಳಿಗೂ ಟ್ರಾನ್ಸ್ ಗಂಡಸರಿಗೂ ಆರ್‌ಡಿಎಸ್ ನಡೆಯೋದು ಕಷ್ಟ. ಪರಿಚಯದ ಜಾಲ ಚಿಕ್ಕದು, ಎರಡನೇ ಸುತ್ತಿಗೇ ಸರಪಳಿ ತುಂಡಾಗುತ್ತೆ. ಎಚ್‌ಐವಿ ಯೋಜನೆಗಳ ಪಟ್ಟಿಯಲ್ಲೂ ಇವರಿಲ್ಲ, ಯಾಕಂದ್ರೆ ಅಲ್ಲಿನ ಹಣ ಇವರನ್ನು ಗುರಿಯಾಗಿಟ್ಟದ್ದೇ ಅಲ್ಲ. ಇವರಿಗೆ ಸಂಖ್ಯೆಯ ಆಸೆ ಬಿಟ್ಟು 15–20 ಆಳವಾದ ಸಂದರ್ಶನ ಮಾಡಿ. ಮನೆಯಿಂದ ಹೊರಬರೋದೇ ಕಷ್ಟ ಇರುವವರಿಗೆ ಫೋನಿನಲ್ಲಿ, ಅವರು ಹೇಳಿದ ಹೊತ್ತಿಗೆ. ವರದಿಯಲ್ಲಿ ಇವರ ಅಧ್ಯಾಯ ತೆಳ್ಳಗಿದ್ದರೆ ‘ಅಗತ್ಯ ಕಡಿಮೆ’ ಅಂತ ಓದಿಕೊಳ್ಳೋರು ಇರುತ್ತಾರೆ, ಅದಕ್ಕೆ ಕಾರಣವನ್ನು ಅಲ್ಲೇ ಬರೆಯಿರಿ.

ಇನ್ನು ಪ್ರಶ್ನೆಗಳು. ‘ನಿಮಗೆ ವಸತಿ ಬೇಕೇ?’ ಅಂದರೆ ಎಲ್ಲರೂ ಹೌದು ಅಂತಾರೆ. ‘ಕಳೆದ 12 ತಿಂಗಳಲ್ಲಿ ಎಷ್ಟು ಸಲ ಮನೆ ಖಾಲಿ ಮಾಡಬೇಕಾಯಿತು? ಅಡ್ವಾನ್ಸ್‌ನಲ್ಲಿ ಎಷ್ಟು ವಾಪಸ್ ಬರಲಿಲ್ಲ?’ ಅಂತ ಕೇಳಿ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಊರಲ್ಲಿ ನಿಜವಾದ ಪೆಟ್ಟು ಅಲ್ಲಿದೆ. ಹಾಗೇ ಮೈತ್ರಿ ಪಿಂಚಣಿ (ಟ್ರಾನ್ಸ್‌ಜೆಂಡರ್‌ಗಳಿಗೆ ರಾಜ್ಯ ಸರ್ಕಾರದ ಮಾಸಾಶನ): ಗೊತ್ತಾ, ಅರ್ಜಿ ಹಾಕಿದ್ರಾ, ಎಲ್ಲಿ ನಿಂತಿತು? ಆಧಾರ್‌ನಲ್ಲಿ ಹಳೇ ಹೆಸರು, ವಿಳಾಸದ ಪುರಾವೆ ಇಲ್ಲ, ಇಂಥ ಉತ್ತರ ಬಂದರೆ ನಿಮ್ಮ ಕೇಂದ್ರಕ್ಕೆ ಮೊದಲು ಬೇಕಾದ್ದು ಕೌನ್ಸೆಲರ್ ಅಲ್ಲ, ದಾಖಲೆ ಮಾಡಿಸಿಕೊಡೋ ಒಬ್ಬ ಗುಮಾಸ್ತ!

ಆದ್ಯತೆ ತಿಳಿಯೋಕೆ ಹುಣಸೆ ಬೀಜ ಬಳಸಿ. ವಸತಿ, ಆಸ್ಪತ್ರೆ, ಕೆಲಸ, ಪೊಲೀಸ್ ತೊಂದರೆ, ಮನೆಯವರು, ದಾಖಲೆ ಅಂತ ಚಿತ್ರದ ಚೀಟಿ ಹರಡಿ. ತಲಾ 20 ಬೀಜ. ಮೊದಲು ಒಬ್ಬೊಬ್ಬರೇ ಬೇರೆ ಕೂತು ಹಂಚಲಿ, ಎಣಿಸಿ ಬರೆದುಕೊಳ್ಳಿ, ಆಮೇಲೆ ಗುಂಪಿನಲ್ಲಿ ಮತ್ತೊಮ್ಮೆ. ಗುಂಪಿನಲ್ಲಿ ಯಾವ ಚೀಟಿಯಿಂದ ಬೀಜ ಜಾರಿತು ಅಂತ ನೋಡಿ. ಬಹಿರಂಗವಾಗಿ ಹೇಳಲಾಗದ ಅಗತ್ಯದ ಸುಳಿವು ಅದೇ. ಗುಂಪಿಗೆ 6–8 ಜನ ಸಾಕು, ಗುಂಪುಗಳನ್ನು ಬೆರೆಸಬೇಡಿ. ಕನ್ನಡದ ಜೊತೆ ತಮಿಳು, ಉರ್ದು, ತೆಲುಗು ಬಲ್ಲವರೂ ತಂಡದಲ್ಲಿರಲಿ.

ಜಾಲಹಳ್ಳಿ_ಕ್ರಾಸ್

ಧನ್ಯವಾದ. ಗುರುತು ಮುಚ್ಚಿಡೋದು ಹೇಗೆ? ಮತ್ತೆ 18ಕ್ಕಿಂತ ಚಿಕ್ಕವರನ್ನು ಸೇರಿಸಬಹುದೇ?

ಕಡತ_ವಿಲೇವಾರಿ

ಸಹಿ ಹಾಕಿಸಬೇಡಿ. ಮೌಖಿಕ ಒಪ್ಪಿಗೆ ಪಡೆದು ಸಂದರ್ಶಕರೇ ಸಹಿ ಮಾಡಲಿ, ಇದಕ್ಕೆ ಎಥಿಕ್ಸ್ ಸಮಿತಿಯ ಅನುಮತಿ ಮುಂಚೆಯೇ ತಗೊಳ್ಳಿ. ಫಾರಂನಲ್ಲಿ ಇಮೇಲ್ ಸಂಗ್ರಹ ಆಫ್ ಮಾಡಿ. ಪಿನ್‌ಕೋಡ್, ವಯಸ್ಸು, ವೃತ್ತಿ ಮೂರೂ ಸೇರಿದರೆ ಹೆಸರಿಲ್ಲದೆಯೂ ವ್ಯಕ್ತಿ ಸಿಕ್ಕಿಬಿಡುತ್ತಾರೆ. ಪಿನ್‌ಕೋಡ್ ಬದಲು ವಲಯ ಕೇಳಿ, ವಯಸ್ಸಿಗೆ ಹತ್ತು ವರ್ಷದ ಪಟ್ಟಿ ಕೊಡಿ. ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಇರುವ ಸಂಖ್ಯೆ ಪ್ರಕಟಿಸಬೇಡಿ. ಜನ ಸೇರುವ ಪಾರ್ಕು, ಬಸ್ ನಿಲ್ದಾಣಗಳ ಹೆಸರು ವರದಿಗೆ ಹೋಗಲೇಬಾರದು, ಸುಲಿಗೆ ಮಾಡೋರೂ ಅದನ್ನು ಓದುತ್ತಾರೆ. ಸಂದರ್ಶನದ ನಡುವೆ ಯಾರಾದರೂ ಕುಸಿದರೆ ಅಲ್ಲಿಗೇ ನಿಲ್ಲಿಸಿ. ಕರೆದರೆ ಸಿಗುವ ಕೌನ್ಸೆಲರ್ ಒಬ್ಬರನ್ನು ಗೊತ್ತುಮಾಡಿಟ್ಟುಕೊಳ್ಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಚೀಟಿಯಲ್ಲಿ ಬರೆದುಕೊಡಿ.

18ಕ್ಕಿಂತ ಕೆಳಗಿನವರು ಬೇಡ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ನಿಮಗೆ ತಿಳಿದರೆ ದೂರು ಕೊಡಲೇಬೇಕು. ಗೋಪ್ಯತೆಯ ಮಾತು ಕೊಟ್ಟು ಕೂತಿರುವ ಸಂದರ್ಶಕರು ಇಕ್ಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. 18–24ರವರನ್ನೇ ‘ಶಾಲೆಯಲ್ಲಿದ್ದಾಗ ಯಾವ ನೆರವು ಸಿಕ್ಕಿದ್ದರೆ ಅನುಕೂಲ ಆಗ್ತಿತ್ತು?’ ಅಂತ ಕೇಳಿ, ನಿಮಗೆ ಬೇಕಾದ ಮಾಹಿತಿ ಬಹುತೇಕ ಅದರಲ್ಲೇ ಬರುತ್ತೆ.