ಟೊಯೋಟಾ ಗಾಡಿ ಕೆಡುವುದೇ ಇಲ್ಲ ಅನ್ನೋದು ಎಷ್ಟು ನಿಜ?

ಸಕಲೇಶಪುರ_ರಸ್ತೆ:
2012ರ ಇನೋವಾ ಒಂದು ನೋಡಿಟ್ಟಿದ್ದೇನೆ. 2.5 ಡೀಸೆಲ್, ವೈಟ್ ಬೋರ್ಡ್, ಮೀಟರ್ ಎರಡು ಲಕ್ಷ ದಾಟಿದೆ. ಮನೆಯಲ್ಲಿ ಜನ ಜಾಸ್ತಿ, ಘಾಟಿ ಹತ್ತಿ ಇಳಿಯುವುದು ಇದ್ದೇ ಇದೆ. ಯಾರನ್ನು ಕೇಳಿದರೂ "ಟೊಯೋಟಾ ಅಲ್ವಾ, ಕಣ್ಣು ಮುಚ್ಚಿ ತಗೊಳ್ಳಿ" ಅನ್ನುತ್ತಾರೆ. ಅದೇ ದುಡ್ಡಿಗೆ ಬೇರೆ ಕಂಪನಿಯದು ಇನ್ನೂ ಹೊಸ ಗಾಡಿಯೇ ಸಿಗುತ್ತದೆ. ಈ ಕಂಪನಿ ನಿಜಕ್ಕೂ ಅಷ್ಟು ಗಟ್ಟಿನಾ, ಇಲ್ಲ ಹಳೇ ಹೆಸರಿನ ಮೇಲೆ ಓಡುತ್ತಿದೆಯಾ?

ಹಳದಿ_ಬೋರ್ಡ್:
ಸರಿಯಾಗಿಯೇ ಹೇಳಿದ್ದಾರೆ ಸರ್, ಕಣ್ಣು ಮುಚ್ಚಿ ತಗೊಳ್ಳಿ. ನಮ್ಮ ಮನೆಯಲ್ಲಿ ಮೊದಲು ಕ್ವಾಲಿಸ್ ಇತ್ತು, ಆಮೇಲೆ ಇನೋವಾ, ಈಗ ಹೊಸ ಇನೋವಾ ಕ್ರಿಸ್ಟಾ. ಎಲ್ಲವೂ ಬಾಡಿಗೆಗೆ ದುಡಿದ ಗಾಡಿಗಳೇ. 2000ದ ಜನವರಿಯಲ್ಲಿ ಕ್ವಾಲಿಸ್ ಬಂದಾಗ, ಇಂಡೋನೇಷ್ಯಾದ ಹಳೇ ಕಿಜಾಂಗ್ ತಂದು ನಮಗೆ ಮಾರುತ್ತಿದ್ದಾರೆ ಅಂತ ಹಗುರವಾಗಿ ಮಾತಾಡಿದವರಿದ್ದರು. ಅದೇ 2.4 ಡೀಸೆಲ್ ಇಂಜಿನ್ ಧರ್ಮಸ್ಥಳ, ಸುಬ್ರಹ್ಮಣ್ಯ, ತಿರುಪತಿ ಅಂತ ವರ್ಷಗಟ್ಟಲೆ ಓಡಿತು. 2005ರಲ್ಲಿ ಅದರ ಜಾಗಕ್ಕೆ ಇನೋವಾ ಬಂತು. ಟ್ರಾವೆಲ್ಸ್ ನಡೆಸುವವರು ಒಂದೊಂದು ರೂಪಾಯಿ ಲೆಕ್ಕ ಹಾಕಿ ಗಾಡಿ ತಗೊಳ್ಳುತ್ತಾರೆ. ಅವರೆಲ್ಲ ಇದೊಂದನ್ನೇ ಯಾಕೆ ಹಿಡಿದರು ಅಂತ ಯೋಚನೆ ಮಾಡಿ.

ಲೆಕ್ಕದ_ಮನುಷ್ಯ:
"ಕಣ್ಣು ಮುಚ್ಚಿ" ಅನ್ನೋ ಮಾತೇ ನನಗೆ ಆಗಲ್ಲ. 2009ರಲ್ಲಿ ಅಮೆರಿಕದವರೂ ಕಣ್ಣು ಮುಚ್ಚಿ ನಂಬಿದ್ದರು. ಆಕ್ಸಿಲರೇಟರ್ ಪೆಡಲ್ ಕಾಲಡಿಯ ಮ್ಯಾಟ್‌ಗೆ ಸಿಕ್ಕಿಕೊಂಡು ಜನ ಸತ್ತರು. ಆಮೇಲೆ ಪೆಡಲೇ ಒತ್ತಿದ ಜಾಗದಲ್ಲಿ ನಿಲ್ಲುತ್ತಿದೆ ಅಂತ ಇನ್ನೊಂದು ದೋಷ ಹೊರಬಿತ್ತು. ಪ್ರಪಂಚದಾದ್ಯಂತ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಿದರು. ಇದು ಆ ಕಂಪನಿಯ ಚರಿತ್ರೆಯಲ್ಲೇ ಇದೆ. ಟ್ರಾವೆಲ್ಸ್‌ನವರನ್ನು ಕೇಳಿದರೆ ಇದೆಲ್ಲ ಗೊತ್ತಾಗುವುದಿಲ್ಲ.

ಹಳದಿ_ಬೋರ್ಡ್:
ಪೆಡಲ್ ವಿಷಯ ಎತ್ತಿದಿರಿ, ಪೂರ್ತಿ ಹೇಳಿ. ಇಂಜಿನ್ ತಾನಾಗಿಯೇ ಓಡುತ್ತದೆ, ಎಲೆಕ್ಟ್ರಾನಿಕ್ಸ್‌ನಲ್ಲೇ ತಪ್ಪಿದೆ ಅಂತ ಕೂಗಿದರು. ನಾಸಾದ ಇಂಜಿನಿಯರುಗಳು ತಿಂಗಳುಗಟ್ಟಲೆ ನೋಡಿದರು. 2011ರಲ್ಲಿ ವರದಿ ಬಂತು, ಎಲೆಕ್ಟ್ರಾನಿಕ್ಸ್ ಕಾರಣ ಅನ್ನೋದಕ್ಕೆ ಏನೂ ಸಿಗಲಿಲ್ಲ.

ಲೆಕ್ಕದ_ಮನುಷ್ಯ:
ನಾಸಾ ಹುಡುಕಿದ್ದು ಎಲೆಕ್ಟ್ರಾನಿಕ್ಸ್ ದೋಷ. ನಾನು ಹೇಳಿದ್ದು ಮ್ಯಾಟ್ ಮತ್ತು ಪೆಡಲ್. ಆ ಎರಡನ್ನೂ ಯಾರೂ ಅಲ್ಲಗಳೆದಿಲ್ಲ. 2014ರಲ್ಲಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿಕೊಂಡಿತು. ಗೊತ್ತಿದ್ದ ವಿಷಯದ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ! 2010ರ ಫೆಬ್ರವರಿಯಲ್ಲಿ ಅಧ್ಯಕ್ಷ ಅಕಿಯೋ ಟೊಯೋಡಾ ಅವರೇ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು, ನಾವು ತುಂಬಾ ಬೇಗ ಬೆಳೆದೆವು, ಯಾವುದು ಮೊದಲು ಅನ್ನೋದರಲ್ಲಿ ಎಡವಿದೆವು ಅಂದರು. ಯಜಮಾನರೇ ಒಪ್ಪಿದ್ದನ್ನು ನೀವು ಒಪ್ಪಲ್ಲ ಅಂದರೆ ಹೇಗೆ?

ಬಿಡದಿ_ಕಡೆಯವ:
ಬೇಗ ಬೆಳೆದದ್ದು ಅಲ್ಲಿ. ಇಲ್ಲಿ ನಿಧಾನಕ್ಕೇ ಬೆಳೆದರು. ನಾನು ಟೊಯೋಟಾ ಕಾರ್ಖಾನೆ ಇರುವ ಬಿಡದಿ ಕಡೆ ಒಂದು ಬಿಡಿಭಾಗದ ಯೂನಿಟ್‌ನಲ್ಲಿ ಕೆಲಸ ಮಾಡಿದವನು. 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಕಂಪನಿ ಶುರುವಾಯಿತು, 1999ರ ಕೊನೆಗೆ ಗಾಡಿ ಹೊರಬಂತು. ಮೊದಲ ಕೆಲವು ವರ್ಷ ಒಂದೇ ಮಾದರಿ ಇಟ್ಟುಕೊಂಡು ಕೈ ಪಳಗಿಸಿಕೊಂಡರು. ಅವರ ಗುಣಮಟ್ಟದ ಬೇರು ಕಾರಿಗಿಂತ ಹಳೆಯದು. ಸಾಕಿಚಿ ಟೊಯೋಡಾ ಮಗ್ಗ ಮಾಡುತ್ತಿದ್ದವರು. ನೂಲು ಕಡಿದರೆ ಮಗ್ಗ ತಾನೇ ನಿಲ್ಲಬೇಕು, ಕೆಟ್ಟ ಬಟ್ಟೆ ಒಂದು ಗೇಣೂ ನೇಯಬಾರದು, ಅದು ಅವರ ಹಟ. 1929ರಲ್ಲಿ ಆ ಮಗ್ಗದ ಪೇಟೆಂಟ್ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್‌ಗೆ ಮಾರಿದರು. ಮಗ ಕಿಚಿರೋ ಕಾರಿಗೆ ಕೈ ಹಾಕಿದರು, 1937ರಲ್ಲಿ ಕಾರು ಕಂಪನಿ ಬೇರೆಯಾಯಿತು. ಇವತ್ತೂ ಅದೇ ಕ್ರಮ. ತಪ್ಪು ಕಂಡರೆ ಲೈನ್‌ನಲ್ಲಿರುವ ಕೆಲಸಗಾರನೇ ಹಗ್ಗ ಎಳೆಯುತ್ತಾನೆ. ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ.

ಬಿಡಿಭಾಗ ಕೊಡುವ ನಮಗೂ ಅದೇ ಶಿಸ್ತು. ಒಂದು ಬೋಲ್ಟ್ ತಪ್ಪಾದರೆ "ಯಾಕೆ" ಅಂತ ಕೇಳಿ, ಅದಕ್ಕೆ ಮತ್ತೆ "ಯಾಕೆ" ಅಂತ ಕೇಳಿ, ಬುಡಕ್ಕೆ ಹೋಗುವ ತನಕ ಬಿಡುತ್ತಿರಲಿಲ್ಲ. ಅದಕ್ಕೇ ಟೊಯೋಟಾ ಲೋಗೋ ಇದ್ದರೆ ನನಗೆ ಧೈರ್ಯ.

ಗ್ಲಾಂಜಾ_ಒಡತಿ:
ನೂರಕ್ಕೆ ನೂರು ಸರಿ. ನನ್ನದು ಟೊಯೋಟಾ ಗ್ಲಾಂಜಾ, 2019ರಲ್ಲಿ ತಗೊಂಡಿದ್ದು. ಸರ್ವಿಸ್ ಬಿಟ್ಟರೆ ಬೇರೆ ಖರ್ಚೇ ಬಂದಿಲ್ಲ.

ಹಳದಿ_ಬೋರ್ಡ್:
ಮೇಡಂ, ಗ್ಲಾಂಜಾ ಟೊಯೋಟಾ ಅಲ್ಲ. ಅದು ಮಾರುತಿ ಸುಜುಕಿಯ ಬಲೆನೋ. ಬೇರೆಯವರ ಮನೆಯ ಅಡುಗೆ ತಂದು ನಮ್ಮ ಹೋಟೆಲ್ ಎಲೆಗೆ ಬಡಿಸಿದ ಹಾಗೆ. ದಯವಿಟ್ಟು ಇನೋವಾ ಜೊತೆ ಸೇರಿಸಬೇಡಿ.

ಗ್ಲಾಂಜಾ_ಒಡತಿ:
ಬಡಿಸಿದವರೇ ಜವಾಬ್ದಾರಿ ಅಲ್ವಾ? ಬಿಲ್ ಟೊಯೋಟಾದ್ದು, ಸರ್ವಿಸ್ ಟೊಯೋಟಾದ್ದು. ಗ್ಲಾಂಜಾ ಬಂದಾಗ ಮೂರು ವರ್ಷ, ಒಂದು ಲಕ್ಷ ಕಿಲೋಮೀಟರ್ ವಾರಂಟಿ ಕೊಟ್ಟರು. ಆಗ ಬಲೆನೋಗೆ ಇದ್ದದ್ದು ಎರಡು ವರ್ಷ, 40,000 ಕಿಲೋಮೀಟರ್. ಅದೇ ಗಾಡಿ ಅಂದರೆ ವಾರಂಟಿ ಯಾಕೆ ಬೇರೆ?

ಹಳದಿ_ಬೋರ್ಡ್:
ವಾರಂಟಿ ಕಾಗದದ ಮೇಲಿನ ಮಾತು. ಗಾಡಿ ತಯಾರಾಗುವುದು ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ. ಇಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲವೂ ಸುಜುಕಿಯದು. ಶೋರೂಮಿನ ಹುಡುಗರು ಹೇಳಿದ್ದನ್ನು ನಂಬಿ ನೀವು ವಾದ ಮಾಡುತ್ತಿದ್ದೀರಿ.

ಗ್ಲಾಂಜಾ_ಒಡತಿ:
ಶೋರೂಮಿನ ಹುಡುಗರು ಹೇಳಿದ್ದನ್ನು ನಂಬಿದೆ ಅಂತ ನಿಮಗೆ ಯಾರು ಹೇಳಿದರು? ಗಂಡಸರು ಗಾಡಿ ತಗೊಂಡರೆ ತಿಳಿದು ತಗೊಂಡರು, ಹೆಂಗಸರು ತಗೊಂಡರೆ ಯಾರದೋ ಮಾತು ಕೇಳಿದರು, ಹಾಗಾ? ಎರಡೂ ಗಾಡಿಯ ಸ್ಪೆಸಿಫಿಕೇಷನ್ ಪಕ್ಕಪಕ್ಕ ಇಟ್ಟುಕೊಂಡು ಓದಿದ ಮೇಲೆ ದುಡ್ಡು ಕಟ್ಟಿದವಳು ನಾನು. ಒಂದೇ ಗಾಡಿ ಅಂತ ಗೊತ್ತಿದ್ದೇ ಹೆಚ್ಚು ವಾರಂಟಿ ಇರುವ ಕಡೆ ಹೋದೆ. ಈ ಥರ ಮಾತಾಡುವುದು ನಿಲ್ಲಿಸಿ.

ಲೆಕ್ಕದ_ಮನುಷ್ಯ:
ಮೇಡಂ ಹೇಳಿದ "ಒಂದೇ ಗಾಡಿ" ಅನ್ನೋದು ಮುಖ್ಯ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕೆ ಮಾರುತಿ 17,362 ಗಾಡಿ ವಾಪಸ್ ಕರೆಸಿತು. ಅದೇ ದೋಷಕ್ಕೆ ಟೊಯೋಟಾ 1,390 ಗ್ಲಾಂಜಾ ಮತ್ತು ಹೈರೈಡರ್ ಕರೆಸಿತು. ಲೋಗೋ ನೋಡಿದರೆ ಧೈರ್ಯ ಅನ್ನುವ ಬಿಡದಿಯವರು ಇದಕ್ಕೆ ಏನು ಹೇಳುತ್ತಾರೆ?

ಬಿಡದಿ_ಕಡೆಯವ:
ಹೈರೈಡರ್ ಹೆಸರು ತೆಗೆದಿರಿ, ಒಳ್ಳೆಯದಾಯಿತು. ಅದು ಬಿಡದಿಯಲ್ಲೇ ತಯಾರಾಗುವ ಗಾಡಿ. ಅದನ್ನೇ ಮಾರುತಿಯವರು ಗ್ರ್ಯಾಂಡ್ ವಿಟಾರಾ ಅಂತ ಮಾರಿದ್ದಾರೆ. ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡಿಸುವ ಅದರ ಸ್ಟ್ರಾಂಗ್ ಹೈಬ್ರಿಡ್ ವ್ಯವಸ್ಥೆ ಟೊಯೋಟಾದ್ದು. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ, 1,60,000 ಕಿಲೋಮೀಟರ್ ವಾರಂಟಿ. ಅಂದರೆ ಕೊಟ್ಟು ತಗೊಂಡು ನಡೆದಿದೆ. ಗ್ಲಾಂಜಾ ಟೊಯೋಟಾ ಅಲ್ಲ ಅನ್ನುವವರು ಗ್ರ್ಯಾಂಡ್ ವಿಟಾರಾ ಸುಜುಕಿ ಅಲ್ಲ ಅಂತಲೂ ಹೇಳಬೇಕು.

ಹಳದಿ_ಬೋರ್ಡ್:
ಹೇಳುತ್ತೇನೆ! ಹೈಬ್ರಿಡ್ ಗ್ರ್ಯಾಂಡ್ ವಿಟಾರಾ ಅರ್ಧಕ್ಕಿಂತ ಜಾಸ್ತಿ ಟೊಯೋಟಾನೇ. ಗಾಡಿಯ ಜಾತಕ ಇರುವುದು ಇಂಜಿನ್‌ನಲ್ಲಿ. ಇಂಜಿನ್ ಟೊಯೋಟಾದ್ದಾಗಿದ್ದರೆ ಮಾತೇ ಇಲ್ಲ.

ಗ್ಲಾಂಜಾ_ಒಡತಿ:
ಹಾಗಾದರೆ ಲೋಗೋ ನೋಡಿ ತಗೊಳ್ಳಿ ಅಂದವರು ಸುಳ್ಳು ಹೇಳಿದ ಹಾಗಾಯಿತು. ಇಂಜಿನ್ ನಂಬರ್ ನೋಡಿ ತಗೊಳ್ಳಿ ಅಂತ ಮೊದಲೇ ಹೇಳಬೇಕಿತ್ತು.

ಪರ್ತ್_ಕನ್ನಡಿಗ:
"ಇಂಜಿನ್ ಟೊಯೋಟಾದ್ದಾಗಿದ್ದರೆ ಮಾತೇ ಇಲ್ಲ" ಅನ್ನೋದಕ್ಕೆ ಇಲ್ಲಿಂದ ಒಂದು ಉತ್ತರ. ಆಸ್ಟ್ರೇಲಿಯಾದಲ್ಲಿ ಟೊಯೋಟಾ ಮೇಲೆ ದೊಡ್ಡ ಕೇಸ್ ನಡೆಯಿತು. 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್ ತನಕ ಮಾರಿದ ಹೈಲಕ್ಸ್, ಪ್ರಾಡೋ, ಫಾರ್ಚೂನರ್ ಡೀಸೆಲ್ ಗಾಡಿಗಳು, 2.64 ಲಕ್ಷದಷ್ಟು. ಹೊಗೆ ಸೋಸುವ ಡಿಪಿಎಫ್ ಒಳಗೆ ಮಸಿ ತುಂಬಿಕೊಳ್ಳುತ್ತದೆ, ಗಾಡಿ ಅದನ್ನು ತಾನೇ ಸುಟ್ಟು ಚೊಕ್ಕ ಮಾಡಿಕೊಳ್ಳಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಇವು ಸರಿಯಾಗಿ ಸುಡುತ್ತಿರಲಿಲ್ಲ. ಬಿಳಿ ಹೊಗೆ, ಕೆಟ್ಟ ವಾಸನೆ. 2022ರಲ್ಲಿ ಫೆಡರಲ್ ಕೋರ್ಟ್ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು. ಇಂಜಿನ್ 2.4 ಮತ್ತು 2.8. ನಿಮ್ಮ ಕ್ರಿಸ್ಟಾದಲ್ಲಿರುವುದು ಅದೇ ಕುಟುಂಬದ ಇಂಜಿನ್.

ಹಳದಿ_ಬೋರ್ಡ್:
ಅದು ಫಿಲ್ಟರ್ ಸಮಸ್ಯೆ ಅಣ್ಣ, ಇಂಜಿನ್ ಸಮಸ್ಯೆ ಅಲ್ಲ. 2020ರ ತನಕ ನಮ್ಮಲ್ಲಿ ಇದ್ದದ್ದು ಬಿಎಸ್-4 ಹೊಗೆ ನಿಯಮ. ಆ ಕ್ರಿಸ್ಟಾಗೆ ಡಿಪಿಎಫ್ಫೇ ಇರಲಿಲ್ಲ. ಆಸ್ಟ್ರೇಲಿಯಾದ ಕಥೆ ಹಾಸನಕ್ಕೆ ತರಬೇಡಿ.

ಪರ್ತ್_ಕನ್ನಡಿಗ:
ಬಿಎಸ್-6 ಬಂದ ಮೇಲೆ ಅಲ್ಲಿಯೂ ಡಿಪಿಎಫ್ ಇದೆ. "ಕೆಡುವುದೇ ಇಲ್ಲ" ಅನ್ನೋ ಮಾತಿಗೆ ಇದು ಉತ್ತರ ಆಗುತ್ತದೋ ಇಲ್ಲವೋ?

ಬಿಡದಿ_ಕಡೆಯವ:
ಕೋರ್ಟಿಗೆ ಹೋಗುವ ತನಕ ಕಾಯದೆ ಸರಿಪಡಿಸಿದ್ದೂ ಇದೆ, ಅದನ್ನು ಯಾರೂ ಹೇಳಲಿಲ್ಲ. 1989ರಲ್ಲಿ ಅಮೆರಿಕದಲ್ಲಿ ಟೊಯೋಟಾದ ದುಬಾರಿ ಬ್ರ್ಯಾಂಡ್ ಲೆಕ್ಸಸ್‌ನ ಮೊದಲ ಗಾಡಿ ಮಾರಿದ ಕೆಲವೇ ತಿಂಗಳಿಗೆ ಸಣ್ಣ ದೋಷ ಸಿಕ್ಕಿತು. 8,000ದಷ್ಟು ಗಾಡಿ. ಮನೆ ಬಾಗಿಲಿಗೆ ಬಂದು ತಗೊಂಡು ಹೋಗಿ, ಸರಿಮಾಡಿ, ತೊಳೆದು ತಂದುಕೊಟ್ಟರು.

ಲೆಕ್ಕದ_ಮನುಷ್ಯ:
ಮತ್ತೆ ಅಮೆರಿಕಕ್ಕೇ ಹೋದಿರಿ. ಬಿಡದಿಯ ಲೈನ್ ನಿಲ್ಲಿಸುವ ಹಗ್ಗದ ಬಗ್ಗೆ ಹೇಳಿದವರು 2020ರ ನವೆಂಬರ್ ಲಾಕೌಟ್ ಬಗ್ಗೆ ಯಾಕೆ ಹೇಳಲಿಲ್ಲ? ಕೆಲಸದ ಹೊರೆ ಜಾಸ್ತಿಯಾಗಿದೆ ಅಂತ ಯೂನಿಯನ್‌ನವರು ತಿಂಗಳುಗಟ್ಟಲೆ ಗೇಟಿನ ಹೊರಗೆ ಕೂತಿದ್ದರು.

ಬಿಡದಿ_ಕಡೆಯವ:
ಅದು ಕಾರ್ಮಿಕರ ನೋವಿನ ವಿಷಯ. ಅದನ್ನು ಗಾಡಿ ಗಟ್ಟಿನಾ ಅನ್ನುವ ವಾದಕ್ಕೆ ಎಳೆಯಬೇಡಿ. ಆ ದಿನಗಳಲ್ಲಿ ಗೇಟಿನ ಹೊರಗಿದ್ದವರಲ್ಲಿ ನನ್ನ ಗೆಳೆಯರಿದ್ದರು. ಅವರ ಕೈಯಲ್ಲಿ ತಯಾರಾದ ಗಾಡಿ ಇವತ್ತೂ ಓಡುತ್ತಿದೆ. ಗಟ್ಟಿತನದ ಹೆಸರು ಕಂಪನಿಗೆ ಎಷ್ಟು ಸಲ್ಲಬೇಕೋ ಅಷ್ಟೇ ಅವರಿಗೂ ಸಲ್ಲಬೇಕು.

ಸಕಲೇಶಪುರ_ರಸ್ತೆ:
ನಾನು ಕೇಳಿದ್ದು 2012ರ ಇನೋವಾ. ಗ್ಲಾಂಜಾ, ಲೆಕ್ಸಸ್ ಯಾವುದೂ ಬೇಡ. ದಯವಿಟ್ಟು ಯಾರಾದರೂ ಅದರ ಬಗ್ಗೆ ಹೇಳಿ.

ಹಾಸನ_ಗ್ಯಾರೇಜ್:
ಇಲ್ಲಿ ತನಕ ಓದಿ ಬೇಜಾರಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ಆ ಗಾಡಿಯಲ್ಲಿರುವುದು 2.5 ಡಿ-4ಡಿ ಇಂಜಿನ್. ಒಳ್ಳೆಯದು, ಆದರೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಪಟ್ಟಿ) ಇರುವ ಇಂಜಿನ್. ಕ್ರಿಸ್ಟಾದ 2.4ಕ್ಕೆ ಚೈನ್ ಬಂತು, ಇದಕ್ಕೆ ಬೆಲ್ಟೇ. ಎರಡು ಲಕ್ಷ ದಾಟಿದೆ ಅಂದರೆ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ತಗೊಂಡ ದಿನವೇ ಬದಲಾಯಿಸಿ. ಬೆಲ್ಟ್ ಕಡಿದರೆ ವಾಲ್ವ್ ಏಟು ತಿಂದು ಹೆಡ್ ಬಿಚ್ಚಬೇಕಾಗುತ್ತದೆ, ಆಗ ಯಾವ ಲೋಗೋನೂ ಕಾಪಾಡಲ್ಲ.

ಎರಡನೆಯದು, ಮೀಟರ್ ನಂಬಬೇಡಿ. ಈ ಗಾಡಿಗೆ ಬೇಡಿಕೆ ಜಾಸ್ತಿ ಇರುವುದರಿಂದಲೇ ಮೀಟರ್ ಹಿಂದಕ್ಕೆ ತಿರುಗಿಸುವುದೂ ಜಾಸ್ತಿ. ಆರ್‌ಟಿಒದಲ್ಲಿ ಬಿ-ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಹಳದಿ ಬೋರ್ಡ್‌ನಿಂದ ವೈಟ್‌ಗೆ ಬದಲಾದ ಗಾಡಿಯಾ ನೋಡಿ. ಬೆಳಗ್ಗೆ ತಣ್ಣಗಿರುವಾಗ ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ, ಹೊಗೆ ಬಣ್ಣ ನೋಡಿ. ಇಂಜೆಕ್ಟರ್ ಸದ್ದು ಕೇಳಿ. ಕರಾವಳಿ ಗಾಡಿಯಾದರೆ ಚಾಸಿಗೆ ತುಕ್ಕು ಹಿಡಿದಿದೆಯಾ ಅಂತ ಕೆಳಗೆ ಮಲಗಿ ನೋಡಿ. 2027ಕ್ಕೆ ಹದಿನೈದು ವರ್ಷ ಆಗುತ್ತದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು. ಆ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ.

ಹಳದಿ_ಬೋರ್ಡ್:
"ಒಳ್ಳೆಯದು" ಅಂತ ಗ್ಯಾರೇಜ್‌ನವರೇ ಒಪ್ಪಿದರು. ನಾನು ಮೊದಲಿಂದ ಹೇಳುತ್ತಿರುವುದು ಅದನ್ನೇ.

ಲೆಕ್ಕದ_ಮನುಷ್ಯ:
"ಲೋಗೋ ಕಾಪಾಡಲ್ಲ" ಅಂತಲೂ ಅವರೇ ಬರೆದಿದ್ದಾರೆ. ಇನ್ನೊಂದು ಸೇರಿಸುತ್ತೇನೆ. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್‌ನ ಪವರ್ ಪರೀಕ್ಷೆಯಲ್ಲಿ ಅಕ್ರಮ ಆಗಿದೆ ಅಂತ ಜಪಾನಿನಲ್ಲಿ ಒಪ್ಪಿಕೊಂಡು, ನಮ್ಮಲ್ಲಿ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕಳಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿದ್ದರು. ಆ ಪರೀಕ್ಷೆ ನಡೆಸಿದ್ದು ಟೊಯೋಟಾ ಇಂಡಸ್ಟ್ರೀಸ್. ಬಿಡದಿಯವರು ಹೊಗಳಿದ ಆ ಮಗ್ಗದ ಕಂಪನಿಯೇ.

ಬಿಡದಿ_ಕಡೆಯವ:
ಮಗ್ಗದ ಹೆಸರು ತರಬೇಡಿ. ಸುಜುಕಿಯೂ 1909ರಲ್ಲಿ ಮಗ್ಗದಿಂದಲೇ ಶುರುವಾದ ಕಂಪನಿ. ನಿಲ್ಲಿಸಿದ ಗಾಡಿ ಕೆಲವು ದಿನದಲ್ಲಿ ಮತ್ತೆ ಹೊರಟವು, ಓಡುತ್ತಿರುವ ಗಾಡಿಗೆ ತೊಂದರೆ ಇಲ್ಲ ಅಂತ ಆಗಲೇ ಹೇಳಿದ್ದರು.

ಗ್ಲಾಂಜಾ_ಒಡತಿ:
ಸುಜುಕಿಯೂ ಮಗ್ಗದ ಕಂಪನಿಯೇ ಅಂದಿರಿ. ಹಾಗಿದ್ದ ಮೇಲೆ ಗ್ಲಾಂಜಾ ಬೇರೆಯವರ ಮನೆಯ ಅಡುಗೆ ಹೇಗಾಯಿತು? ಹಳದಿ ಬೋರ್ಡ್ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ನನ್ನ ಬಗ್ಗೆ ಆಡಿದ ಮಾತಿಗೂ ಕೊಟ್ಟಿಲ್ಲ.